ಕೊಳ್ಳೇಗಾಲದ ಮಗ್ಗ, ಉಮ್ಮನ ಹೊಲಿಗೆ ಮಷಿನ್, ರೋಬೋಟಿನ ಲೆಕ್ಕ

ಕೊಳ್ಳೇಗಾಲ ಅಂದರೆ ನಮ್ಮ ಕರಾವಳಿಯ ಮನೆಗಳಿಗೆ ಮೊದಲು ನೆನಪಾಗುವುದು ರೇಷ್ಮೆ ಸೀರೆ. ಸೀರೆಯ ಅಂಚಿನಲ್ಲಿ ಹೂಬಳ್ಳಿ ಮೂಡಿಸುವ ಜಕಾರ್ಡ್ ಮಗ್ಗವನ್ನು ನೋಡಿದವರು ಮಾತ್ರ ಕಡಿಮೆ. ಹಳೆಯ ಮಾದರಿಯ ಮಗ್ಗದಲ್ಲಿ ಮೇಲೆ ತೂತು ಹೊಡೆದ ರಟ್ಟುಗಳ ಮಾಲೆ ಇರುತ್ತದೆ. ತೂತು ಇದ್ದಲ್ಲಿ ಕೊಕ್ಕೆ ಹಾಸಿನ ಎಳೆಯನ್ನು ಎತ್ತುತ್ತದೆ, ಇಲ್ಲದಲ್ಲಿ ಎತ್ತುವುದಿಲ್ಲ. ನೇಕಾರ ಲಾಳಿ ಓಡಿಸುವ ಮೊದಲೇ ಹೂವಿನ ಲೆಕ್ಕ ರಟ್ಟಿನಲ್ಲಿ ಮುಗಿದಿರುತ್ತದೆ! ಫ್ರಾನ್ಸಿನ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಈ ಉಪಾಯವನ್ನೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಲೆಕ್ಕದ ಯಂತ್ರದ ಯೋಜನೆಗೆ ತೆಗೆದುಕೊಂಡರು. ಕಂಪ್ಯೂಟರಿಗೂ ಮಗ್ಗಕ್ಕೂ ಹೀಗೆ ಹಳೆಯ ನೆಂಟಸ್ತಿಕೆ.

ರೋಬೋಟ್ ಮಾಡುವವರೂ ಇದೇ ದಾರಿಯಲ್ಲಿ ನಡೆಯುತ್ತಾರೆ. ಕಬ್ಬಿಣ ಕತ್ತರಿಸುವ ಮೊದಲೇ ಅದು ಹೇಗೆ ಓಡಾಡುತ್ತದೆ ಎಂದು ಲೆಕ್ಕ ಹಾಕುತ್ತಾರೆ.

ಉಮ್ಮನ ಹೊಲಿಗೆ ಮಷಿನ್ ನೋಡಿ. ಕಾಲಲ್ಲಿ ತುಳಿಯುವ ಪೆಡಲ್, ಅದರಿಂದ ಮೇಲೇಳುವ ಸರಳು, ತಿರುಗುವ ಚಕ್ರ, ಎಲ್ಲವನ್ನೂ ಹಿಡಿದ ಸ್ಟ್ಯಾಂಡು. ನಾಲ್ಕು ಭಾಗ, ನಾಲ್ಕು ಕೀಲು. ಅಳತೆ ತಪ್ಪಿದರೆ ಚಕ್ರ ಸುತ್ತುವುದೇ ಇಲ್ಲ.

ಮಕ್ಕಳಿಂದ ಮಾಡಿಸಿ ನೋಡಿ. ತೂತಿನಿಂದ ತೂತಿಗೆ 10, 4, 9, 8 ಸೆಂ.ಮೀ. ಬರುವಂತೆ ನಾಲ್ಕು ರಟ್ಟಿನ ಪಟ್ಟಿ ಕತ್ತರಿಸಿ, ಇದೇ ಕ್ರಮದಲ್ಲಿ ಪಿನ್ನು ಹಾಕಿ ಸುತ್ತು ಜೋಡಿಸಲಿ. 10ರ ಪಟ್ಟಿಯನ್ನು ಒತ್ತಿ ಹಿಡಿದು 4ರದನ್ನು ತಿರುಗಿಸಿದರೆ ಪೂರ್ತಿ ಸುತ್ತುತ್ತದೆ. 9, 8ರ ಜಾಗಕ್ಕೆ 7, 6 ಹಾಕಿದರೆ ನಡುವೆಯೇ ನಿಲ್ಲುತ್ತದೆ. ಯಾಕೆ? ಅತಿ ಉದ್ದ, ಅತಿ ಗಿಡ್ಡ ಪಟ್ಟಿಗಳ ಮೊತ್ತ 14. ಉಳಿದೆರಡರ ಮೊತ್ತ ಅದಕ್ಕಿಂತ ಕಡಿಮೆ ಇರಬಾರದು. ಮೊದಲು 17 ಇತ್ತು, ಈಗ ಬರೀ 13. ಇದು ಜರ್ಮನಿಯ ಗ್ರಾಸೋಫ್ ಹೇಳಿದ ನಿಯಮ.

ಇಷ್ಟು ಕೂಡುವ ಲೆಕ್ಕ. ಆದರೆ ಸರಳಿನ ಮೇಲಿನ ಒಂದು ಚುಕ್ಕೆ ನಾವು ಹೇಳಿದ ಒಂಬತ್ತು ಜಾಗಗಳನ್ನು ದಾಟಿ ಹೋಗಬೇಕೆಂದರೆ? 1923ರಲ್ಲಿ ಕೇಳಿದ ಈ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿದ್ದು 1992ರಲ್ಲಿ, ಕಂಪ್ಯೂಟರ್ ಬಂದ ಮೇಲೆ. ವಾಂಪ್ಲರ್, ಮಾರ್ಗನ್, ಸೊಮ್ಮೀಸ್ ಸೇರಿ 4326 ಉತ್ತರ ಕಂಡುಕೊಂಡರು. ಆರು ಕೀಲಿನ ರೋಬೋಟ್ ಕೈ ಒಂದೇ ಜಾಗವನ್ನು ಒಂದೇ ರೀತಿ ಹಿಡಿಯಲು ಹದಿನಾರರವರೆಗೆ ಭಂಗಿಗಳಿರಬಹುದು. ಯಾವುದು ಸರಿ ಎಂದು ಆರಿಸುವುದು ಅಲ್ಗಾರಿದಮ್. ಆ ಪದ ಬಂದದ್ದು ಬಗ್ದಾದಿನ ಅಲ್ ಖ್ವಾರಿಝ್ಮಿಯ ಹೆಸರಿನಿಂದ. ನೀರೆತ್ತುವ ಯಂತ್ರಗಳನ್ನು ಚಿತ್ರ ಸಮೇತ ವಿವರಿಸಿದ ಅಲ್ ಜಝರಿಯ ಗ್ರಂಥ ಮುಗಿದದ್ದು 1206ರಲ್ಲಿ. ಲೆಕ್ಕ ನಮಗೆ ಹೊರಗಿನದ್ದಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರಿನ ವೆಲ್ಡಿಂಗ್ ಅಂಗಡಿಯಾಗಲಿ, ಮಂಗಳೂರಿನ ಗ್ಯಾರೇಜಾಗಲಿ, ಹುಡುಗರ ಕೈಚಳಕಕ್ಕೆ ಬರವಿಲ್ಲ. ಕಣ್ಣಂದಾಜಿನಲ್ಲಿ ಕತ್ತರಿಸಿ, ಕೂರದಿದ್ದರೆ ಮತ್ತೆ ಕತ್ತರಿಸಿದರೆ ಕಬ್ಬಿಣದ ಜೊತೆ ಆ ದಿನದ ದುಡಿಮೆಯೂ ಹೋಯಿತು. ಅದೇ ಕೈಗೆ ಲೆಕ್ಕ ಕೂಡಿದರೆ ಮೆಕ್ಯಾನಿಕ್ ನಾಳೆ ಯಂತ್ರ ರೂಪಿಸುವವನಾಗುತ್ತಾನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಆಶಿತವ ಘೋಷಾಲ್ ಅವರ ರೋಬೋಟಿಕ್ಸ್ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಇಂಗ್ಲಿಷಿನಲ್ಲಿವೆ, ಕಾಲೇಜು ಮಟ್ಟದವು. ಆದರೆ ಅಲ್ಲಿಗೆ ಹೋಗುವ ದಾರಿ ಎಸ್ಸೆಸ್ಸೆಲ್ಸಿಯ ತ್ರಿಕೋನಮಿತಿಯಿಂದಲೇ ಶುರು.

ಮಗನೋ ಮಗಳೋ ‘ಲೆಕ್ಕ ತಲೆಗೆ ಹತ್ತಲ್ಲ’ ಅಂದರೆ ಬೈಯಬೇಡಿ. ಪಿಯುಸಿಗೆ ಅರ್ಜಿ ಹಾಕುವ ಮೊದಲು ಆ ನಾಲ್ಕು ರಟ್ಟಿನ ಪಟ್ಟಿ ಕೈಗೆ ಕೊಡಿ.