‘ಉತ್ತಮ’ ಎಂಬ ಪ್ರತಿಕೂಲ ಷರಾ

ನೌಕರನ ಬಗ್ಗೆ ‘ಉತ್ತಮ’ ಎಂದು ಬರೆದರೆ ಅವನಿಗೆ ಹಾನಿಯಾದೀತೇ? ಗಡಿ ರಸ್ತೆ ಎಂಜಿನಿಯರಿಂಗ್ ಸೇವೆಯ ಕಾರ್ಯಪಾಲಕ ಎಂಜಿನಿಯರ್ ದೇವ್ ದತ್ತ್ ಅವರಿಗೆ ಆಯಿತು. ಅವರ ಬಡ್ತಿಗೆ ಹಿಂದಿನ ಐದು ವರ್ಷಗಳ ಗೋಪ್ಯ ವರದಿಗಳಲ್ಲಿ ‘ಬಹಳ ಉತ್ತಮ’ ಇರಬೇಕಿತ್ತು. 1993-94ರ ವರದಿಯಲ್ಲಿ ಬರೀ ‘ಉತ್ತಮ’ ಎಂದಿತ್ತು. ಪ್ರತಿಕೂಲ ಷರಾಗಳನ್ನಷ್ಟೇ ತಿಳಿಸುವ ಪದ್ಧತಿಯಿದ್ದುದರಿಂದ ಅವರಿಗೆ ಅದು ಗೊತ್ತಾಗಲಿಲ್ಲ. ಕಿರಿಯರಿಗೆ ಬಡ್ತಿ ಸಿಕ್ಕಿತು. ಪ್ರತಿಯೊಂದು ಷರಾವನ್ನೂ ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟ್ 2008ರ ಮೇ ತಿಂಗಳಲ್ಲಿ ತೀರ್ಪಿತ್ತಾಗ ಅವರು ನಿವೃತ್ತರಾಗಿದ್ದರು!

2009ರಲ್ಲಿ ಕೇಂದ್ರ ಸರ್ಕಾರ ‘ಗೋಪ್ಯ’ ಪದವನ್ನೇ ಕೈಬಿಟ್ಟಿತು. ಪೂರ್ಣ ವರದಿ ನೌಕರನ ಕೈಸೇರಬೇಕು, ಮನವಿ ಸಲ್ಲಿಸಲು 15 ದಿನ ಇರಬೇಕು ಎಂದಿತು. 2013ರಲ್ಲಿ ತ್ರಿಸದಸ್ಯ ಪೀಠವೂ ಹಿಂದಿನ ತೀರ್ಪನ್ನು ಎತ್ತಿಹಿಡಿಯಿತು.

ಗೋಪ್ಯತೆಯೇನೋ ಹೋಯಿತು. ನಿಷ್ಠುರತೆ ಬಂತೇ? ವರದಿಗಳನ್ನು ಬರೆದೂ ಬರೆಸಿಕೊಂಡೂ ಸೇವಾವಧಿ ಸವೆಸಿದ ನನಗೆ ಹಾಗನ್ನಿಸುವುದಿಲ್ಲ. ಮೊದಲು ಬೆನ್ನ ಹಿಂದೆ ಬರೆಯುತ್ತಿದ್ದ ಅಧಿಕಾರಿಗೆ ಈಗ ಹತ್ತಕ್ಕೆ ಎಂಟೋ ಒಂಬತ್ತೋ ಅಂಕ ಕೊಟ್ಟು ದಾಕ್ಷಿಣ್ಯದಿಂದ ಪಾರಾಗುವುದು ಸಲೀಸು. (ಕಡಿಮೆ ಅಂಕ ಕೊಟ್ಟರೆ ಮನವಿಗೆ ಉತ್ತರಿಸುವವರು ಯಾರು?) ಎರಡರಲ್ಲೂ ನೌಕರನಿಗೆ ತನ್ನ ಲೋಪ ತಿಳಿಯುವುದಿಲ್ಲ. ಟಿಪ್ಪಣಿ ದುರ್ಬಲವಾಗಿದ್ದರೆ ಜೂನ್‌ನಲ್ಲೇ ಕರೆದು ಹೇಳಬೇಕು. ಮಾರ್ಚ್ ಕಳೆದ ಮೇಲೆ ಬರೆದು ಏನು ಫಲ? ವರ್ಷದ ನಡುವೆ ಯಾವಾಗ, ಯಾವ ವಿಷಯವಾಗಿ ನೌಕರನೊಡನೆ ಚರ್ಚಿಸಿದೆ ಎಂಬುದನ್ನು ದಿನಾಂಕಸಹಿತ ನಮೂದಿಸುವುದು ಕಡ್ಡಾಯವಾಗಬೇಕು. ಅಂಕ ಎಷ್ಟೇ ಇರಲಿ, ಆ ಜಾಗ ಖಾಲಿಯಿದ್ದರೆ ಮೇಲಿನ ಅಧಿಕಾರಿ ವರದಿಯನ್ನು ಹಿಂದಿರುಗಿಸಬೇಕು.