ಷವರ್‌ನಲ್ಲಿ ನೀರಿನ ಒತ್ತಡ ಕಡಿಮೆಯಾದಲ್ಲಿ ಅನುಸರಿಸಬೇಕಾದ ಕ್ರಮಗಳು: ಕಲಬುರಗಿ ನಗರ ಹಾಗೂ ಕಮಲಾಪುರದ ಗ್ರಾಹಕರಿಗೆ ಮಾಹಿತಿ

ಸ್ನಾನಗೃಹದ ಷವರ್‌ನಲ್ಲಿ ನೀರು ಸಣ್ಣಗೆ ಬರುತ್ತಿದೆ ಎಂದು ದೂರು ಸಲ್ಲಿಸುವ ಮುನ್ನ ಗ್ರಾಹಕರು ಒಂದು ಅಂಶವನ್ನು ಗಮನಿಸುವುದು ಅವಶ್ಯಕವಾಗಿದೆ. ಮೇಲ್ತೊಟ್ಟಿ ಇರುವ ಮನೆಗಳಲ್ಲಿ ಷವರ್‌ಗೆ ನೀರು ಬರುವುದು ತೊಟ್ಟಿಯಿಂದಲೇ ಹೊರತು ಬೀದಿಯ ಕೊಳವೆಯಿಂದಲ್ಲ. ಆದ್ದರಿಂದ ದೋಷವು ಮನೆಯ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಮೊದಲು ನಿರ್ಧರಿಸಿಕೊಂಡಲ್ಲಿ ಗ್ರಾಹಕರ ಹಣವೂ ಸಮಯವೂ ಉಳಿಯುತ್ತದೆ.

ಹಿನ್ನೆಲೆ

ಕಲಬುರಗಿ ನಗರಕ್ಕೆ ಭೀಮಾ ನದಿ ಹಾಗೂ ಬೆಣ್ಣೆತೊರಾ ಜಲಾಶಯ ಪ್ರಮುಖ ನೀರಿನ ಮೂಲಗಳಾಗಿವೆ. 2004ರಲ್ಲಿ ಮಂಜೂರಾದ ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿ ನಗರಗಳ ಆಯ್ದ ವಲಯಗಳಲ್ಲಿ ದಿನದ 24 ಗಂಟೆಯೂ ನೀರು ಪೂರೈಸುವ ಪ್ರಾಯೋಗಿಕ ವ್ಯವಸ್ಥೆಯನ್ನು ಕೈಗೊಳ್ಳಲಾಯಿತು. ಸರದಿಯಂತೆ ನೀರು ಬಿಡುವ ಬಡಾವಣೆಗಳಲ್ಲಿ ನಾಗರಿಕರು ನೆಲತೊಟ್ಟಿ ಮತ್ತು ಮೇಲ್ತೊಟ್ಟಿಗಳಲ್ಲಿ ನೀರು ಸಂಗ್ರಹಿಸಿಕೊಳ್ಳುವುದು ವಾಡಿಕೆ. 2018ರಲ್ಲಿ ಪ್ರತ್ಯೇಕ ತಾಲ್ಲೂಕು ಕೇಂದ್ರವಾದ ಕಮಲಾಪುರದಲ್ಲಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ನಳದ ನೀರಿನೊಂದಿಗೆ ಕೊಳವೆಬಾವಿಯ ನೀರನ್ನೂ ಬಳಸುವ ಮನೆಗಳಿವೆ. ಕೊಳವೆಬಾವಿಯ ನೀರು ಗಡಸಾಗಿದ್ದಲ್ಲಿ ಷವರ್‌ನ ರಂಧ್ರಗಳಲ್ಲಿ ಸುಣ್ಣದ ಪದರ ಬಹುಬೇಗ ಕಟ್ಟಿಕೊಳ್ಳುತ್ತದೆ. ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನದಂಡದಂತೆ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು; ಬೇರೆ ಮೂಲವಿಲ್ಲದಿದ್ದಲ್ಲಿ 600 ಮಿಲಿಗ್ರಾಂವರೆಗೆ ಅವಕಾಶವಿದೆ.

ಒತ್ತಡ ಎಂದರೇನು?

ಮೇಲ್ತೊಟ್ಟಿಯ ನೀರಿನ ಮಟ್ಟವು ಷವರ್‌ಗಿಂತ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಒತ್ತಡ ದೊರೆಯುತ್ತದೆ. 10 ಮೀಟರ್ ಎತ್ತರಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡವಿರುತ್ತದೆ. ತೊಟ್ಟಿಯನ್ನು ಚಾವಣಿಯ ಮೇಲೆಯೇ ಇರಿಸಿದಲ್ಲಿ ಅದರ ತಳವು ಮೇಲಂತಸ್ತಿನ ಷವರ್‌ಗಿಂತ ಹೆಚ್ಚೆಂದರೆ 1 ಮೀಟರ್ ಮೇಲಿರುತ್ತದೆ. ಅದೇ ತೊಟ್ಟಿಯಿಂದ ಕೆಳ ಅಂತಸ್ತಿಗೆ ಇನ್ನೂ 3 ಮೀಟರ್ ಹೆಚ್ಚಿನ ಎತ್ತರ ದೊರೆಯುತ್ತದೆ. ಕೆಳಗಿನ ಮನೆಯಲ್ಲಿ ನೀರು ರಭಸವಾಗಿ ಬಂದು ಮೇಲಿನ ಮನೆಯಲ್ಲಿ ಸಣ್ಣಗೆ ಬರಲು ಇದೇ ಮುಖ್ಯ ಕಾರಣ. ಇಂತಹ ಪ್ರಕರಣಗಳಲ್ಲಿ ಬೀದಿಯ ಕೊಳವೆಯ ಒತ್ತಡ ಹೆಚ್ಚಿಸಿದರೂ ಪ್ರಯೋಜನವಾಗುವುದಿಲ್ಲ.

ಮನೆಯ ಒಳಗಿನ ಪರೀಕ್ಷೆ

1. 10 ಲೀಟರಿನ ಬಕೆಟ್ಟನ್ನು ಷವರ್‌ನ ಕೆಳಗಿಟ್ಟು ತುಂಬಲು ತಗಲುವ ಸಮಯವನ್ನು ಬರೆದಿಟ್ಟುಕೊಳ್ಳತಕ್ಕದ್ದು. ಒಂದೂವರೆ ನಿಮಿಷದೊಳಗೆ ತುಂಬಿದಲ್ಲಿ ಸ್ನಾನಕ್ಕೆ ಆ ಹರಿವು ಸಾಕಾಗುತ್ತದೆ.

2. ಷವರ್‌ನ ತಲೆಯನ್ನು ಬಿಚ್ಚಿ, ಬರಿಯ ಕೊಳವೆಯಿಂದ ಬರುವ ನೀರನ್ನು ಅದೇ ರೀತಿ ಅಳೆಯತಕ್ಕದ್ದು. ಈಗ ಹರಿವು ಬಹಳ ಹೆಚ್ಚಿದಲ್ಲಿ ದೋಷವು ಷವರ್ ತಲೆಯಲ್ಲಿಯೇ ಇರುತ್ತದೆ. ಒಳಗಿನ ಜಾಲರಿಯನ್ನು ತೊಳೆದು, ತಲೆಯನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಕೆಲವು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದಲ್ಲಿ ಸುಣ್ಣ ಬಿಡುತ್ತದೆ. ಶೌಚಾಲಯ ತೊಳೆಯುವ ಆ್ಯಸಿಡ್ಡನ್ನು ಇದಕ್ಕೆ ಬಳಸಕೂಡದು.

3. ಬಿಸಿನೀರು ಮಾತ್ರ ಸಣ್ಣಗೆ ಬರುತ್ತಿದ್ದಲ್ಲಿ ಗೀಸರ್ ಅಥವಾ ಅದರ ವಾಲ್ವ್‌ನಲ್ಲಿ ಸುಣ್ಣ ಕಟ್ಟಿರುವ ಸಾಧ್ಯತೆ ಇದೆ. ವಿದ್ಯುತ್ ಸಂಪರ್ಕ ತೆಗೆದ ನಂತರವೇ ತಜ್ಞರಿಂದ ಶುಚಿಗೊಳಿಸಿಕೊಳ್ಳತಕ್ಕದ್ದು.

4. ಎಲ್ಲ ನಳಗಳಲ್ಲಿಯೂ ನೀರು ಸಣ್ಣಗಿದ್ದಲ್ಲಿ ತೊಟ್ಟಿಯ ಹೊರಹರಿವಿನ ಗೇಟ್ ವಾಲ್ವ್ ಪೂರ್ಣ ತೆರೆದಿದೆಯೇ, ತಳದಲ್ಲಿ ರಾಡಿ ತುಂಬಿದೆಯೇ ಎಂದು ನೋಡತಕ್ಕದ್ದು.

5. ತೊಟ್ಟಿ ಪೂರ್ಣ ಬರಿದಾಗಿ ಮತ್ತೆ ತುಂಬಿದ ನಂತರ ತೊಂದರೆ ಕಾಣಿಸಿಕೊಂಡಿದ್ದಲ್ಲಿ ಕೊಳವೆಯೊಳಗೆ ಗಾಳಿ ಸಿಲುಕಿರಬಹುದು. ಎಲ್ಲಕ್ಕಿಂತ ಕೆಳಗಿರುವ ನಳವನ್ನು ಕೆಲ ನಿಮಿಷ ಪೂರ್ಣ ತೆರೆದಿಟ್ಟಲ್ಲಿ ಸಾಮಾನ್ಯವಾಗಿ ಗಾಳಿ ಹೊರಹೋಗುತ್ತದೆ.

6. ಹಳೆಯ ಕಬ್ಬಿಣದ ಕೊಳವೆಗಳು ಒಳಗೆ ತುಕ್ಕು ಹಿಡಿದು ಕಿರಿದಾಗುತ್ತವೆ. ಬದಲಾಯಿಸುವಾಗ ತೊಟ್ಟಿಯಿಂದ ಇಳಿಯುವ ಕೊಳವೆಯನ್ನು ಅರ್ಧ ಇಂಚಿನ ಬದಲು ಮುಕ್ಕಾಲು ಇಂಚಿನದಾಗಿ ಹಾಕಿಸಿದಲ್ಲಿ ನೀರು ಹರಿಯುವ ಜಾಗ ಸುಮಾರು ಎರಡೂಕಾಲು ಪಟ್ಟು ಆಗುತ್ತದೆ.

ಮೇಲಿನ ಎಲ್ಲವೂ ಸರಿಯಿದ್ದು ಎತ್ತರವೇ ಸಾಲದಾಗಿದ್ದಲ್ಲಿ ಮಾತ್ರ ತೊಟ್ಟಿಯನ್ನು ಎತ್ತರಿಸುವುದು ಅಥವಾ ತೊಟ್ಟಿಯಿಂದ ಷವರ್‌ಗೆ ಹೋಗುವ ಕೊಳವೆಗೆ ಸಣ್ಣ ಪಂಪ್ ಅಳವಡಿಸುವುದು ಸೂಕ್ತ. ನೀರಿನ ಮಟ್ಟವು 1 ಮೀಟರ್‌ನಿಂದ 3 ಮೀಟರ್‌ಗೆ ಏರಿದಲ್ಲಿ ಒತ್ತಡ ಮೂರು ಪಟ್ಟಾಗುತ್ತದೆ. ಆದರೆ ಹರಿವು ಸುಮಾರು 1.7 ಪಟ್ಟು ಮಾತ್ರ ಆಗುತ್ತದೆ. 1,000 ಲೀಟರಿನ ತೊಟ್ಟಿಯಲ್ಲಿ ನೀರಿನ ಭಾರವೇ 1,000 ಕಿಲೋಗ್ರಾಂ ಇರುವುದರಿಂದ, ಅಟ್ಟಣೆ ಕಟ್ಟಿಸುವ ಮುನ್ನ ಚಾವಣಿಯ ಬಲವನ್ನು ಇಂಜಿನಿಯರರಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ಹೊರಗಿನ ಪರೀಕ್ಷೆ

ನೀರು ಬಿಡುವ ಸಮಯದಲ್ಲಿ ನೆಲತೊಟ್ಟಿಗೆ ಬೀಳುವ ನೀರನ್ನು ಅದೇ ಬಕೆಟ್‌ನಿಂದ ಅಳೆಯತಕ್ಕದ್ದು. ನೆರೆಹೊರೆಯ ಎಲ್ಲ ಮನೆಗಳಲ್ಲಿಯೂ ನೀರು ಸಣ್ಣಗಿದ್ದಲ್ಲಿ ಮುಖ್ಯ ಕೊಳವೆಯ ಸೋರಿಕೆ ಅಥವಾ ವಾಲ್ವ್‌ನ ದೋಷ ಕಾರಣವಿರಬಹುದು. ಒಂದೇ ಮನೆಯಲ್ಲಿ ತೊಂದರೆಯಿದ್ದಲ್ಲಿ ಆ ಮನೆಯ ಸಂಪರ್ಕ ಕೊಳವೆ ಅಥವಾ ಫೆರುಲ್ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ರಸ್ತೆ ಅಗೆಯುವುದು ಹಾಗೂ ಫೆರುಲ್ ಬಿಚ್ಚುವುದು ಗ್ರಾಹಕರು ತಾವೇ ಮಾಡತಕ್ಕ ಕೆಲಸವಲ್ಲ. ಕೇಂದ್ರ ಸರ್ಕಾರದ ನೀರು ಸರಬರಾಜು ಕೈಪಿಡಿಯು ಒಂದಂತಸ್ತಿನ ಕಟ್ಟಡಗಳಿಗೆ 7 ಮೀಟರ್ ಹಾಗೂ ಎರಡಂತಸ್ತಿಗೆ 12 ಮೀಟರ್ ಕನಿಷ್ಠ ಒತ್ತಡವನ್ನು ಹಿಂದೆ ಬಹುಕಾಲ ಸೂಚಿಸುತ್ತಿತ್ತು.

ಬೀದಿಯ ಕೊಳವೆಗೆ ಮೋಟಾರ್ ಜೋಡಿಸಕೂಡದು

ಒತ್ತಡ ಸಾಲದೆಂದು ನಳ ಸಂಪರ್ಕಕ್ಕೆ ನೇರವಾಗಿ ಮೋಟಾರ್ ಜೋಡಿಸುವುದು ನಿಷಿದ್ಧ. ಒಂದು ಮನೆಯ ಮೋಟಾರ್ ನೀರನ್ನು ಎಳೆದಾಗ ಬೀದಿಯ ಕೊನೆಯಲ್ಲಿರುವ ಮನೆಗಳಿಗೆ ನೀರು ತಲುಪುವುದಿಲ್ಲ. ಇದಕ್ಕಿಂತ ಗಂಭೀರವಾದ ಅಂಶವೆಂದರೆ, ಕೊಳವೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗಿ, ಚರಂಡಿಯ ಪಕ್ಕದ ಬಿರುಕುಗಳ ಮೂಲಕ ಕೊಳಚೆ ನೀರು ಒಳಸೇರುತ್ತದೆ. ಆ ನೀರು ಮೋಟಾರ್ ಜೋಡಿಸಿದವರ ಮನೆಯ ಮಕ್ಕಳಿಗೂ ನೆರೆಮನೆಯ ಮಕ್ಕಳಿಗೂ ಕುಡಿಯುವ ನೀರಾಗಿ ತಲುಪಿ ವಾಂತಿಭೇದಿ, ಕಾಮಾಲೆ ಮುಂತಾದ ರೋಗಗಳಿಗೆ ಕಾರಣವಾಗುತ್ತದೆ. ನೀರು ಮೊದಲು ನೆಲತೊಟ್ಟಿಗೆ ತಾನಾಗಿಯೇ ಬೀಳಬೇಕು. ಅಲ್ಲಿಂದ ಮೇಲ್ತೊಟ್ಟಿಗೆ ಮೋಟಾರ್ ಬಳಸಲು ಅಡ್ಡಿಯಿಲ್ಲ.

ದೂರು ಅರ್ಜಿಯಲ್ಲಿ ಇರಬೇಕಾದ ವಿವರಗಳು

ದೋಷವು ಹೊರಗಿನದೆಂದು ಕಂಡುಬಂದಲ್ಲಿ ಕೆಳಕಂಡ ವಿವರಗಳೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು:

• ಗ್ರಾಹಕರ ಹೆಸರು, ವಿಳಾಸ, ವಾರ್ಡ್ ಹಾಗೂ ನಳ ಸಂಪರ್ಕ ಸಂಖ್ಯೆ
• ತೊಂದರೆ ಆರಂಭವಾದ ದಿನಾಂಕ, ನೀರು ಬರುವ ವೇಳೆ ಮತ್ತು ಅವಧಿ
• 10 ಲೀಟರಿನ ಬಕೆಟ್ ತುಂಬಲು ತಗಲಿದ ಸಮಯ
• ನೆರೆಹೊರೆಯಲ್ಲಿಯೂ ಇದೇ ತೊಂದರೆ ಇದೆಯೇ ಎಂಬ ವಿವರ
• ನೀರಿನ ಬಣ್ಣ ಅಥವಾ ವಾಸನೆಯಲ್ಲಿ ವ್ಯತ್ಯಾಸವಿದ್ದಲ್ಲಿ ಅದರ ವಿವರ

ಕಲಬುರಗಿ ನಗರದವರು ನೀರಿನ ಬಿಲ್ಲಿನಲ್ಲಿ ನಮೂದಿಸಿರುವ ಕಚೇರಿಗೂ, ಕಮಲಾಪುರದವರು ಸ್ಥಳೀಯ ಸಂಸ್ಥೆಯ ಕಚೇರಿಗೂ, ಗ್ರಾಮಗಳವರು ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳಿಗೂ ಅರ್ಜಿ ನೀಡಿ ಸ್ವೀಕೃತಿ ಪಡೆಯತಕ್ಕದ್ದು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಅಡಿ ಗ್ರಾಮೀಣ ಮನೆಗಳಿಗೆ ತಲಾ ದಿನಕ್ಕೆ 55 ಲೀಟರ್ ನೀರು ಒದಗಿಸುವ ಗುರಿ ಇದೆ. ದೂರಿಗೆ ಸ್ಪಂದನೆ ದೊರೆಯದಿದ್ದಲ್ಲಿ 2021ರಲ್ಲಿ ಆರಂಭವಾದ ರಾಜ್ಯದ ಜನಸ್ಪಂದನ ಸಹಾಯವಾಣಿ 1902ಕ್ಕೆ ಸ್ವೀಕೃತಿಯ ವಿವರ ನೀಡಿ ದೂರು ದಾಖಲಿಸಬಹುದು.

ಸಮಯ ಹಾಗೂ ಅಳತೆಯನ್ನು ಸ್ಪಷ್ಟವಾಗಿ ನಮೂದಿಸಿದ ಅರ್ಜಿಯಿಂದ, ಸಿಬ್ಬಂದಿಯು ನೀರು ಬಿಡುವ ವೇಳೆಗೇ ಸ್ಥಳಕ್ಕೆ ಬಂದು ಪರಿಶೀಲಿಸಲು ಅನುಕೂಲವಾಗುತ್ತದೆ. ಸಾರ್ವಜನಿಕರು ಸಹಕರಿಸಲು ಕೋರಲಾಗಿದೆ.