ಹೋಬಳಿ ಮಟ್ಟದ ಸಭೆ ಮತ್ತು ಸೇವಾ ಕ್ಲಬ್ಬಿನ ಬೆಳವಣಿಗೆ

ಸೇವಾ ಕ್ಲಬ್ಬೊಂದರ ಸದಸ್ಯಬಲ ಕುಗ್ಗಿದಾಗ ದೇಣಿಗೆಯ ಕೊರತೆ, ಯುವಕರ ನಿರಾಸಕ್ತಿ ಮುಂತಾದ ಕಾರಣಗಳನ್ನು ಹೇಳುವುದುಂಟು. ಸಭೆ ಎಲ್ಲಿ, ಯಾವ ವೇಳೆಯಲ್ಲಿ ನಡೆಯುತ್ತಿದೆ ಎಂಬುದನ್ನು ಪರಿಶೀಲಿಸುವವರು ವಿರಳ. ತುಮಕೂರಿನ ಹೋಟೆಲೊಂದರಲ್ಲಿ ರಾತ್ರಿ ನಡೆಯುವ ಸಭೆಗೆ ಗುಬ್ಬಿ ತಾಲ್ಲೂಕಿನ ಕಡಬದ ವರ್ತಕರು ವ್ಯಾಪಾರದ ಹೊತ್ತಿನಲ್ಲೇ ಅಂಗಡಿ ಮುಚ್ಚಿ ಹೊರಡಬೇಕು. ಕೆಲವು ತಿಂಗಳ ಅನಂತರ ಅಂಥವರು ಚಂದಾ ಮಾತ್ರ ಕಳುಹಿಸುತ್ತಾರೆ. ಮರುವರ್ಷ ಅದೂ ನಿಲ್ಲುತ್ತದೆ.

ಇದರ ಹೊರೆ ಉಳಿದವರ ಮೇಲೆ ಬೀಳುತ್ತದೆ. ರೋಟರಿಯಲ್ಲಿ ಜುಲೈ 1 ಮತ್ತು ಜನವರಿ 1ರಂದು ಪಟ್ಟಿಯಲ್ಲಿರುವ ಸದಸ್ಯರ ಸಂಖ್ಯೆಗೆ ಅನುಗುಣವಾಗಿ ಕ್ಲಬ್ಬು ಅಂತರರಾಷ್ಟ್ರೀಯ ವಂತಿಗೆಯನ್ನು ತೆರಬೇಕು. ಚಂದಾ ಬಾಕಿ ಉಳಿಸಿಕೊಂಡವರ ಪಾಲನ್ನೂ ಕ್ಲಬ್ಬಿನ ನಿಧಿಯಿಂದಲೇ ಭರಿಸಬೇಕಾಗುತ್ತದೆ. ಹೆಸರನ್ನು ಪಟ್ಟಿಯಿಂದ ತೆಗೆದುಹಾಕುವುದು ಸುಲಭ. ಆದರೆ ಸದಸ್ಯರನ್ನು ಮರಳಿ ಸಭೆಗೆ ಕರೆತರುವುದೇ ಲಾಭದಾಯಕ.

ಈ ಸಂಸ್ಥೆಯ ಮೂಲವನ್ನು ಗಮನಿಸಿದರೆ ದಾರಿ ಕಾಣುತ್ತದೆ. 1905ರ ಫೆಬ್ರವರಿ 23ರಂದು ಷಿಕಾಗೋ ನಗರದಲ್ಲಿ ವಕೀಲ ಪಾಲ್ ಹ್ಯಾರಿಸ್, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್ ಹಾಗೂ ಒಬ್ಬ ಉಡುಪು ತಯಾರಕ ಸೇರಿದ್ದು ಗಣಿ ಎಂಜಿನಿಯರ್ ಅವರ ಕಚೇರಿಯಲ್ಲಿ. ಆರಂಭದಲ್ಲಿ ಸರದಿಯಂತೆ ಸದಸ್ಯರ ಕಚೇರಿಗಳಲ್ಲಿ ಸಭೆ ನಡೆಯುತ್ತಿದ್ದುದರಿಂದಲೇ ‘ರೋಟರಿ’ ಎಂಬ ಹೆಸರು ಬಂದಿತು. ಹೋಟೆಲಿನ ಸಭೆಗಳು ಬಂದದ್ದು ಸದಸ್ಯರ ಸಂಖ್ಯೆ ಬೆಳೆದ ಮೇಲೆ. ಬೆಳೆದ ಮೇಲಿನ ಪದ್ಧತಿಯನ್ನು ಬೆಳೆಯುವ ಮೊದಲೇ ಅನುಸರಿಸಲು ಹೊರಟರೆ ಸಣ್ಣ ಊರಿನ ಕ್ಲಬ್ಬು ಬಳಲುವುದು ಸಹಜ.

ಕಡಬದಲ್ಲಿ ಈ ಸರದಿ ಪದ್ಧತಿ ಇಂದಿಗೂ ಸಾಧ್ಯ. ಒಮ್ಮೆ ಎಣ್ಣೆ ಗಾಣದಲ್ಲಿ, ಮತ್ತೊಮ್ಮೆ ಅಡಿಕೆ ಮಂಡಿಯಲ್ಲಿ ಅಥವಾ ನಾರಿನ ಘಟಕದಲ್ಲಿ ಸಭೆ ಸೇರಬಹುದು. ಆತಿಥೇಯ ಸದಸ್ಯರು ತಮ್ಮ ಉದ್ಯಮದ ಕಾರ್ಯವಿಧಾನ, ಕಚ್ಚಾ ಸಾಮಗ್ರಿಯ ಮೂಲ ಮತ್ತು ತಮಗಿರುವ ಅಡಚಣೆಯನ್ನು ಕಾಲು ಗಂಟೆಯಲ್ಲಿ ವಿವರಿಸಿದರೆ ಬೇರೆ ಭಾಷಣಕಾರರನ್ನು ಹುಡುಕಬೇಕಿಲ್ಲ. ಪಕ್ಕದ ಅಂಗಡಿಯವರು ಕುತೂಹಲದಿಂದ ಇಣುಕುತ್ತಾರೆ. ಅವರನ್ನು ಒಳಗೆ ಕರೆದು ಕೂರಿಸುವುದೇ ಸದಸ್ಯತ್ವ ಅಭಿಯಾನ. ಕಾಫಿ, ಉಪ್ಪಿಟ್ಟಿಗಿಂತ ಹೆಚ್ಚಿನ ಉಪಚಾರ ಬೇಡವೆಂದು ಮೊದಲೇ ಠರಾವು ಮಾಡುವುದು ಲೇಸು. ಇಲ್ಲವಾದರೆ ಆತಿಥ್ಯವೇ ಸ್ಪರ್ಧೆಯಾಗಿ, ಸಣ್ಣ ವ್ಯಾಪಾರಿಗಳು ಸರದಿಗೆ ಹಿಂಜರಿಯುತ್ತಾರೆ.

ದಿನದ ಆಯ್ಕೆಯೂ ಮುಖ್ಯ. ಸಂತೆಯ ದಿನ ಸಲ್ಲದು. ಮಾಸಿಕ ಜಿಎಸ್‌ಟಿ ವಿವರಣೆ ಸಲ್ಲಿಸುವವರಿಗೆ 11 ಮತ್ತು 20ನೆಯ ತಾರೀಖಿನ ಆಸುಪಾಸು ಬಿಡುವಿರುವುದಿಲ್ಲ. ಅವರ ಲೆಕ್ಕಿಗರಿಗಂತೂ ಇಲ್ಲವೇ ಇಲ್ಲ. ವಾರಕ್ಕೊಂದು ಸಭೆ ಎಂಬ ಹಳೆಯ ಕಟ್ಟುಪಾಡನ್ನು ರೋಟರಿಯು 2016ರಲ್ಲಿ ಸಡಿಲಿಸಿ, ತಿಂಗಳಿಗೆ ಕನಿಷ್ಠ ಎರಡು ಸಭೆಗಳಿಗೆ ಅವಕಾಶ ನೀಡಿದೆ. ಅಂಗಡಿ ಮುಚ್ಚಿದ ಮೇಲೆ ಒಂದು ಗಂಟೆ, ತಿಂಗಳಿಗೆ ಎರಡು ಬಾರಿ: ಇಷ್ಟಕ್ಕೆ ಒಪ್ಪದ ವರ್ತಕರು ಕಡಿಮೆ.

ಪ್ರತಿ ಸಭೆಯಲ್ಲಿಯೂ ಖಜಾಂಚಿಯು ಜಮಾ-ಖರ್ಚನ್ನು ಓದಿ ಹೇಳಬೇಕು. ನೋಂದಾಯಿತ ಸಂಘಗಳು ವಾರ್ಷಿಕ ಮಹಾಸಭೆ ನಡೆಸಿ, ಲೆಕ್ಕ ಪರಿಶೋಧನೆ ಮಾಡಿಸಿದ ಆಢಾವೆಯನ್ನು ಸಲ್ಲಿಸಬೇಕೆಂದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ ವಿಧಿಸುತ್ತದೆ. ಆದರೆ ವರ್ತಕರು ತಮ್ಮ ರೋಕಡ ಪುಸ್ತಕವನ್ನು ವರ್ಷಕ್ಕೊಮ್ಮೆ ನೋಡುವವರಲ್ಲ. ಕ್ಲಬ್ಬಿನದನ್ನೇಕೆ ಹಾಗೆ ನೋಡಬೇಕು? ಸೇವಾ ಕಾರ್ಯಕ್ಕೆ ಬಂದ ದೇಣಿಗೆಯನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು, ಉಪಾಹಾರದ ವೆಚ್ಚವನ್ನು ಚಂದಾ ಹಣದಿಂದಲೇ ನಿಭಾಯಿಸುವುದು ಕ್ಷೇಮ. ಈ ಎರಡು ಬೆರೆತವೆಂಬ ಸಂಶಯ ಬಂದರೆ ಮುಂದಿನ ದೇಣಿಗೆ ಹುಟ್ಟುವುದಿಲ್ಲ.

ಸೇವಾ ಕಾರ್ಯದ ಆಯ್ಕೆಯೂ ಸ್ಥಳೀಯ ಸಭೆಯಲ್ಲೇ ಆಗಲಿ. ಶಿಂಷಾ ನದಿಗೆ ಕಟ್ಟಿದ ಕಡಬದ ದೊಡ್ಡ ಕೆರೆಯ ಏರಿ, ತೂಬು, ಕಾಲುವೆಗಳ ಸ್ಥಿತಿ ಅಲ್ಲಿ ಕುಳಿತವರಿಗೆಲ್ಲ ಗೊತ್ತು. ಜಿಲ್ಲಾ ಕೇಂದ್ರದಲ್ಲಿ ಅದನ್ನು ಮೊದಲಿನಿಂದ ವಿವರಿಸಬೇಕು.

ಹೊಸ ಕ್ಲಬ್ಬಿಗೆ ರೋಟರಿಯಲ್ಲಾಗಲಿ ಲಯನ್ಸ್‌ನಲ್ಲಾಗಲಿ 20 ಸ್ಥಾಪಕ ಸದಸ್ಯರು ಬೇಕೆಂಬುದನ್ನು ಕೇಳಿ ಅನೇಕರು ಹಿಂಜರಿಯುತ್ತಾರೆ. ಆದರೆ ಇರುವ ಕ್ಲಬ್ಬೊಂದರ ಆಶ್ರಯದಲ್ಲಿ ರೋಟರಿಯ ಉಪಗ್ರಹ ಕ್ಲಬ್ಬನ್ನು 8 ಮಂದಿ, ಲಯನ್ಸ್ ಕ್ಲಬ್ಬಿನ ಶಾಖೆಯನ್ನು 5 ಮಂದಿ ಆರಂಭಿಸಬಹುದು. ಕಡಬದ ಪೇಟೆಯಲ್ಲಿ ಎಂಟು ವರ್ತಕರು ಮೂರು ತಿಂಗಳು ಸರದಿಯ ಸಭೆಗಳನ್ನು ತಪ್ಪದೆ ನಡೆಸಿ, ನಡವಳಿ ಪುಸ್ತಕದೊಂದಿಗೆ ಪೋಷಕ ಕ್ಲಬ್ಬಿನ ಅಧ್ಯಕ್ಷರನ್ನು ಕಂಡರೆ ಅವರ ಕೋರಿಕೆಗೆ ತೂಕ ಬರುತ್ತದೆ.